ಬದುಕಿ ಬಂದವರ ಕಥೆ ಯಾರು ಕೇಳ್ತಾರೆ? ನಿವೃತ್ತ ಸೈನಿಕರೇ, ನೀವು ಊರಿಗೆ ಮರಳಿದ್ದನ್ನು ಇಲ್ಲಿ ಬರೆಯಿರಿ

ಬೈಲಹೊಂಗಲದ ಸೇವಾ ಕೇಂದ್ರ

ಎಲ್ಲರಿಗೂ ನಮಸ್ಕಾರ. ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೇವಾ ಕೇಂದ್ರ ಇದೆ. ನವೆಂಬರ್ ಬಂತು ಅಂದ್ರೆ ನಾನು ಶಟರ್ ಎತ್ತುವ ಮೊದಲೇ ಕಟ್ಟೆ ಮೇಲೆ ನಿವೃತ್ತ ಸೈನಿಕರು ಕೂತಿರುತ್ತಾರೆ. ಪಿಂಚಣಿ ನಿಲ್ಲಬಾರದು ಅಂದ್ರೆ ಲೈಫ್ ಸರ್ಟಿಫಿಕೇಟ್ ಆಗಬೇಕಲ್ಲ. ಹೊಲದ ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿರುತ್ತವೆ, ಯಂತ್ರ ಬೇಗ ಹಿಡಿಯೋದಿಲ್ಲ. ಒಂದು ಬೆರಳಾಯ್ತು, ಇನ್ನೊಂದು ಬೆರಳು ಅಂತ ಹೊತ್ತು ಹೋಗುತ್ತದೆ. ಆ ಹೊತ್ತಿನಲ್ಲಿ ಮಾತು ಶುರುವಾಗುತ್ತದೆ.

ಹಾಗೆ ಕೇಳಿದ ಮಾತುಗಳೇ ನನ್ನನ್ನು ಇಲ್ಲಿ ಬರೆಯುವಂತೆ ಮಾಡಿದವು. ನಮ್ಮ ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಮಿಲಿಟರಿ ಮನೆಗಳಿಗೆ ಲೆಕ್ಕವಿಲ್ಲ. ಯೋಧ ಪ್ರಾಣ ಬಿಟ್ಟರೆ ಊರಿಗೆ ಊರೇ ಸೇರುತ್ತದೆ, ಸೇರಲೇಬೇಕು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ತೀರಿಕೊಂಡಾಗ ಕುಂದಗೋಳ ತಾಲೂಕಿನ ಬೆಟದೂರಿಗೆ ಜನ ಹೇಗೆ ಹರಿದು ಬಂದರು ಅನ್ನೋದನ್ನು ನೀವೆಲ್ಲ ನೋಡಿದ್ದೀರಿ. ಆದರೆ ಬದುಕಿ ಬಂದವರನ್ನು ನಾವು ಏನು ಕೇಳುತ್ತೇವೆ? "ಎಷ್ಟು ಮಂದಿನ ಹೊಡದಿರಿ?" ಇಲ್ಲಾ "ಕ್ಯಾಂಟೀನ್ ಬಾಟಲಿ ಸಿಗ್ತದ ಏನ್ರಿ?" ಇವೆರಡೇ. ನನಗೆ ಇದು ಸರಿ ಕಾಣುವುದಿಲ್ಲ.

ಹಾಗಾಗಿ ಒಂದೇ ಕೋರಿಕೆ. ಯುದ್ಧದ ಕಥೆ ಬರೆಯಿರಿ, ಬೇಡ ಅನ್ನೋದಿಲ್ಲ. ಆದರೆ ಟ್ರಂಕು ಹೊತ್ತು ಊರಿಗೆ ಇಳಿದ ಮೇಲೆ ಏನಾಯ್ತು ಅನ್ನೋದನ್ನೂ ಬರೆಯಿರಿ. ಅಜ್ಜಂದಿರಿಗೆ ಮೊಬೈಲ್ ಬರದಿದ್ದರೆ ಮೊಮ್ಮಕ್ಕಳು ಕೇಳಿ ಬರೆಯಿರಿ.

ಮೊಮ್ಮಗಳು, ಸವದತ್ತಿ ತಾಲೂಕು

ಅಣ್ಣಾರೆ, ನಮ್ಮ ಅಜ್ಜ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವರು ಫಸ್ಟ್ ಮರಾಠಾದವರು. ಅವರು ಅದನ್ನು ಜಂಗಿ ಪಲ್ಟನ್ ಅಂತಲೇ ಹೇಳುವುದು.

1971ರ ಡಿಸೆಂಬರ್, ಬಾಂಗ್ಲಾ ಯುದ್ಧ. ಇವರ ಪಲ್ಟನ್ ಬ್ರಹ್ಮಪುತ್ರ ದಾಟಿ ಜಮಾಲ್‌ಪುರದ ಹಿಂದೆ ಹೋಗಿ ರಸ್ತೆ ಕಟ್ಟಿ ಕೂತಿತ್ತು. ಒಳಗೆ ಪಾಕಿಸ್ತಾನದ ಬಲೂಚ್ ಪಡೆ. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಚೀಟಿ ಕಳಿಸಿದರೆ ಅವರ ಕಮಾಂಡರ್ ಉತ್ತರದ ಜೊತೆ ಒಂದು ಗುಂಡು ಸುತ್ತಿ ಕಳಿಸಿದನಂತೆ. ಇದು ಸೈನ್ಯದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅದಾದ ಮೇಲೆ ರಾತ್ರಿ ಅವರು ಕತ್ತಲಲ್ಲಿ ಹೊರಗೆ ನುಗ್ಗಲು ನೋಡಿದರು, ಇವರು ಬಿಡಲಿಲ್ಲ.

ಅಜ್ಜನಿಗೆ ಜಾಸ್ತಿ ನೆನಪಿರುವುದು ಗುಂಡಿನ ಸದ್ದಲ್ಲ. ಭತ್ತ ಕೊಯ್ದ ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತಿದ್ದದ್ದು, ಊರಿನವರು ಎತ್ತಿನ ಗಾಡಿ ಹೂಡಿಕೊಂಡು ಬಂದು ಮದ್ದುಗುಂಡು ಹೇರಿಕೊಂಡು ಹೋಗಿದ್ದು. ಎತ್ತು ಸಣ್ಣವು, ನಮ್ಮ ಕಡೆಯ ಹೋರಿಯ ಅರ್ಧ ಇದ್ದವು ಅಂತ ಇವತ್ತಿಗೂ ಹೇಳುತ್ತಾರೆ. ಡಿಸೆಂಬರ್ 11ಕ್ಕೆ ಟಂಗೈಲ್ ಹತ್ತಿರ ಪ್ಯಾರಾಚೂಟಿನಿಂದ ಇಳಿದಿದ್ದ 2 ಪ್ಯಾರಾ ಪಡೆಯನ್ನು ಮರುದಿನ ಸಂಜೆ ಇವರು ಹೋಗಿ ಸೇರಿದರು. ಆ ಪ್ಯಾರಾ ಪಡೆಯೂ ಮೂಲದಲ್ಲಿ ಮರಾಠಾ ಪಲ್ಟನ್ನೇ. ಕತ್ತಲಲ್ಲಿ ಮರಾಠಿ ಕೇಳಿದ ಕೂಡಲೇ ಹೆದರಿಕೆ ಹೋಯ್ತು ಅನ್ನುತ್ತಾರೆ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. 93,000 ಮಂದಿ ಸೆರೆ ಸಿಕ್ಕರು. ಊರಲ್ಲಿ ಎಲ್ಲರೂ ಇನ್ನೇನು ಹುಡುಗರು ಬಂದರು ಅಂದುಕೊಂಡರೆ, ಅಷ್ಟು ಮಂದಿಯನ್ನು ಕಾಯಬೇಕಲ್ಲ! ಅಜ್ಜನಿಗೆ ರಜೆ ಸಿಕ್ಕಿದ್ದು ಮುಂದಿನ ಬೇಸಿಗೆಗೆ.

ಆ ವರ್ಷ ಬರ. ನಮ್ಮ ಕಡೆ ಹಿರಿಯರು ಈಗಲೂ ಎಪ್ಪತ್ತೆರಡರ ಬರ ಅನ್ನುತ್ತಾರಲ್ಲ, ಅದೇ. ಬಸ್ ಇಳಿದು ನಡೆದು ಬರುವಾಗ ಬರಗಾಲದ ಕಾಮಗಾರಿ ನಡೆದಿತ್ತು. ರಸ್ತೆ ಬದಿಯಲ್ಲಿ ಹೆಂಗಸರು ಕಲ್ಲು ಒಡೆಯುತ್ತಿದ್ದರು. ಅವರಲ್ಲಿ ಒಬ್ಬರು ಅಜ್ಜನ ಅವ್ವ. ಮಗ ಕಳಿಸಿದ ಮನಿ ಆರ್ಡರ್ ದುಡ್ಡು ಸಾಲಕ್ಕೆ ಹೋಗಿತ್ತಂತೆ. ಅಜ್ಜ ಟ್ರಂಕು ಅಲ್ಲೇ ಇಟ್ಟು, ಅವ್ವನ ಕೈಯಿಂದ ಸುತ್ತಿಗೆ ತಗೊಂಡು ಆ ದಿನದ ರಾಶಿ ಮುಗಿಸಿ, ಮುಕಾದಮ್‌ನ ಹತ್ತಿರ ಲೆಕ್ಕ ಬರೆಸಿ ಮನೆಗೆ ಕರೆದುಕೊಂಡು ಬಂದರು. ಢಾಕಾ ಗೆದ್ದ ಸೈನ್ಯದ ಸಿಪಾಯಿಗೆ ಊರಲ್ಲಿ ಮೊದಲ ಕೆಲಸ ಅದು. ನನಗೆ ಈ ಕಥೆ ಅವರು ಹೇಳಿದ್ದು ಕಾಲೇಜು ಮುಗಿಸಿದ ಮೇಲೆ. ಅಲ್ಲಿಯವರೆಗೆ ನಾವ್ಯಾರೂ ಕೇಳಿರಲಿಲ್ಲ.

ಗಡಿಯಾಚೆ

ಒಳ್ಳೆಯ ಪ್ರಯತ್ನ. ಆದರೆ ಒಂದು ಮಾತು. ಪೋಸ್ಟ್ ಎಲ್ಲಿತ್ತು, ಎಷ್ಟು ಮಂದಿ ಇದ್ದರು ಅಂತೆಲ್ಲ ಬಹಿರಂಗವಾಗಿ ಬರೆಯುವುದು ಬೇಡ ಅನಿಸುತ್ತದೆ. ಸೈನ್ಯದ ವಿಷಯ.

ನಿವೃತ್ತ ಸುಬೇದಾರ್, ಗೋಕಾಕ

ನಿಮ್ಮ ಕಾಳಜಿ ಸರಿ ಇದೆ. ಈಗ ನಡೆದಿರುವ ಡ್ಯೂಟಿ, ಈಗಿನ ಪೋಸ್ಟು, ಫೋಟೊ, ಇವು ಯಾವುದೂ ಇಲ್ಲಿ ಬರಬಾರದು. ಸೇವೆಯಲ್ಲಿರುವ ಹುಡುಗರು ಇಲ್ಲಿದ್ದರೆ ಏನೂ ಬರೆಯಬೇಡಿ, ಸುಮ್ನೆ ಓದಿ. ಆದರೆ 1971ರ ಜಮಾಲ್‌ಪುರ ಇತಿಹಾಸ ಆಗಿದೆ. ಅದನ್ನು ಬರೆಯದೇ ಇರುವುದೇ ನಷ್ಟ. ತಂಗಿ, ನಿಮ್ಮ ಅಜ್ಜನವರಿಗೆ ನನ್ನ ರಾಮ್ ರಾಮ್ ತಿಳಿಸಿ.

ಕೆಜಿಎಫ್ ಸ್ಯಾಪರ್

ನಾನು ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ದಳ. ಬೆಂಗಳೂರಿನ ಎಂಇಜಿ ಕೇಂದ್ರದಲ್ಲಿ ಟ್ರೇನಿಂಗ್. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸ. ನಮ್ಮ ಲೈನ್ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬಾಯಲ್ಲಿ ಬರುತ್ತಿದ್ದವು. ಆ ತಮಿಳೇ ನನ್ನನ್ನು ಶ್ರೀಲಂಕಾದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿತು.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 1987ರ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ ಆಯ್ತು, ಶಾಂತಿ ಕಾಪಾಡಲು ಅಂತ ನಮ್ಮನ್ನು ಕಳಿಸಿದರು. ಮೊದಲು ಹೋದವರಿಗೆ ಜಾಫ್ನಾದಲ್ಲಿ ಜನ ಹಾರ ಹಾಕಿದ್ದರು. ಅಕ್ಟೋಬರ್‌ನಲ್ಲಿ ಅದೇ ಊರಲ್ಲಿ ತಮಿಳು ಹುಲಿಗಳ (ಎಲ್‌ಟಿಟಿಇ) ಜೊತೆ ಕಾಳಗ. ನಮ್ಮ ಕೆಲಸ ರಸ್ತೆ ಶುದ್ಧ ಮಾಡುವುದು. ಬೆಳಿಗ್ಗೆ ಗಾಡಿಗಳು ಹೊರಡುವ ಮೊದಲು ನಾವು ನಡೆದು ಹೋಗಬೇಕು. ಮೋರಿ ಕಂಡರೆ ನಿಲ್ಲಬೇಕು. ಮೋರಿಯೊಳಗೆ ಕ್ಯಾನು ತುಂಬಾ ಸ್ಫೋಟಕ ಇಟ್ಟು, ವೈರು ದೂರದ ತಾಳೆ ತೋಪಿನ ತನಕ ಎಳೆದಿರುತ್ತಿದ್ದರು. ಒಬ್ಬ ಕೂತು ಕಾಯುತ್ತಿರುತ್ತಾನೆ. ನಮ್ಮ ಕಣ್ಣು ರಸ್ತೆ ಮೇಲೆ ಇರಲಿಲ್ಲ, ರಸ್ತೆ ಪಕ್ಕದ ಹೊಸ ಮಣ್ಣಿನ ಮೇಲೆ ಇರುತ್ತಿತ್ತು. ಹುಲ್ಲು ಒಂದು ಗೆರೆಯಲ್ಲಿ ಒಣಗಿದ್ದರೆ ಅದರ ಕೆಳಗೆ ವೈರು ಇದೆ ಅಂತ ಅರ್ಥ. ಕೋಲಿನಂಥ ಪ್ರಾಡರ್ ಓರೆಯಾಗಿ ಮಣ್ಣಿಗೆ ಚುಚ್ಚಿ ಚುಚ್ಚಿ ನೋಡಬೇಕು. ನೇರ ಚುಚ್ಚಿದರೆ ಮೈನ್ ಮೇಲಿನ ಭಾಗಕ್ಕೇ ತಾಗುತ್ತದೆ.

ಆ ದ್ವೀಪದಲ್ಲಿ ನಮ್ಮವರು ಸುಮಾರು 1,200 ಮಂದಿ ಪ್ರಾಣ ಕೊಟ್ಟರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂದದ್ದು ಅಲ್ಲಿಯ ಕಾಳಗಕ್ಕೇ, 1987ರ ನವೆಂಬರ್ 25. 1990ರ ಮಾರ್ಚ್ 24ಕ್ಕೆ ಕೊನೆಯ ಹಡಗು ಬಿಟ್ಟಿತು. ಮದ್ರಾಸ್ ಬಂದರಿನಲ್ಲಿ ಸೈನ್ಯದವರು ಬರಮಾಡಿಕೊಂಡರು. ಆ ರಾಜ್ಯದ ಮುಖ್ಯಮಂತ್ರಿ ಬರಲಿಲ್ಲ. ರಾಜಕೀಯ ಮಾತಾಡಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಅವರ ಕಾರಣ ಇದ್ದಿರಬಹುದು. ಆದರೆ ಹೋಗಿ ಅಂದದ್ದು ಸರ್ಕಾರ, ಬನ್ನಿ ಅಂದದ್ದೂ ಸರ್ಕಾರ. ನಡುವೆ ಕಾಲು ಕಳೆದುಕೊಂಡ ಹುಡುಗ ಯಾರನ್ನು ಕೇಳಬೇಕು?

ಊರಿಗೆ ಬಂದರೆ ಅದಕ್ಕಿಂತ ಕಷ್ಟ. ನನ್ನ ಜೊತೆ ಗೋಲಿ ಆಡಿದ ಗೆಳೆಯನೇ ಚಹಾ ಅಂಗಡಿಯಲ್ಲಿ ತಮಿಳಿನಲ್ಲಿ ಕೇಳಿದ, "ನಮ್ಮ ಜನರಿಗೇ ಗುಂಡು ಹೊಡೆದೆಯಾ?" ಅವನದೂ ತಪ್ಪಿಲ್ಲ, ಅವನು ಪೇಪರ್ ಓದಿ ಕೇಳಿದ. ವವುನಿಯಾ ಹತ್ತಿರ ಒಬ್ಬ ಅಜ್ಜಿ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, "ತಂಬಿ, ಆ ಬಾವಿ ಕಡೆ ಹೋಗಬೇಡ" ಅಂದಿದ್ದಳು. ಬಾವಿ ಪಕ್ಕದಲ್ಲಿ ಮೈನ್ ಇತ್ತು. ಆ ಮಾತು ನನಗೆ ತಿಳಿಯಿತು ಅಂತ ನನ್ನ ಇಡೀ ಸೆಕ್ಷನ್ ಉಳಿಯಿತು. ಇದನ್ನು ಚಹಾ ಅಂಗಡಿಯಲ್ಲಿ ಹೇಗೆ ಹೇಳುವುದು? ಹೇಳಲಿಲ್ಲ. ಅವತ್ತಿಂದ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ, ಚಿಕ್ಕಪ್ಪ ಎಲ್ಲರೂ ಮನೆಯಲ್ಲಿ. ನನ್ನ ಪಿಂಚಣಿಯೇ ಗತಿ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸ ಮಾಡಿದೆ. ಅದೇ ಡಬ್ಬಿಯಲ್ಲಿ ನನ್ನಂಥ ಮಾಜಿ ಸೈನಿಕರು ಇನ್ನೂ ಇದ್ದರು. ನಿಜ ಹೇಳಬೇಕೆಂದರೆ ನಮ್ಮ ಮಾತು ಬಿಚ್ಚಿಕೊಂಡದ್ದು ಆ ರೈಲಿನಲ್ಲೇ.

ಮಡಿಕೇರಿ ಮಂಜು

ಕೆಜಿಎಫ್ ಅಣ್ಣಾ, ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ನೀವು ಇದನ್ನು ಬರೆದದ್ದು ಒಳ್ಳೆಯದಾಯ್ತು.

ನಮ್ಮ ಕೊಡಗಿನಲ್ಲಿ ಬೇರೆ ಥರ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಮನೆಗೊಬ್ಬ ಸೈನ್ಯದಲ್ಲಿ ಇರುವುದು ಹೊಸದಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ನಿವೃತ್ತಿ ಆಗಿ ಬಂದರೆ ಮರುದಿನ ತೋಟಕ್ಕೆ ಇಳಿಯುತ್ತಾರೆ, ಅಷ್ಟೇ.

ಒಂದು ಸಂಗತಿ ಹೇಳಲೇಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ಅವರದು ಕಾಯ್ದಿರಿಸಿದ ವಿಮಾನ. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಒಂದು ವಿಮಾನ ಉಳಿಯಿತು, ಇವರು ಹೋದರು, ಮರಳಿ ಬರಲಿಲ್ಲ. ಏನಾಯ್ತು ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಪಾಕಿಸ್ತಾನದ ಕಡೆಯ ವಿವರ ಹೊರಬಂತು. ಅವರ ಹಳೆಯ ಮಿಸ್ಟೇರ್ ವಿಮಾನಕ್ಕೆ ಏಟು ಬಿದ್ದಿದ್ದರೂ, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಬೀಳಿಸಿದ್ದರು. 1988ರಲ್ಲಿ ಮಹಾವೀರ ಚಕ್ರ ಬಂತು. 23 ವರ್ಷ! ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಆ ಕಡೆಯವರು ಬಾಯಿ ಬಿಡದಿದ್ದರೆ ನಮಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ. ಕಂಡವರು ಇರುವಾಗಲೇ ಬರೆದಿಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಗನ್ನರ್, ರಾಮದುರ್ಗ

ನಾನು ಬೋಫೋರ್ಸ್ ಗನ್ನಿನ ಮೇಲೆ ಇದ್ದವ. 1999ರ ಕಾರ್ಗಿಲ್ ಯುದ್ಧ, ದ್ರಾಸ್. ಒಂದು ಗುಂಡು ಸುಮಾರು 43 ಕಿಲೊ. ಅಷ್ಟು ಎತ್ತರದಲ್ಲಿ ಉಸಿರೇ ಸಾಲುವುದಿಲ್ಲ, ಅಂಥದ್ದರಲ್ಲಿ ಎತ್ತಿ ಎತ್ತಿ ಕೊಡಬೇಕು. ಬ್ಯಾರಲ್ ಕಾದು ಬಣ್ಣ ಸುಲಿಯುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆವು. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ಕೈಗೆ ಬಂದ ಸುದ್ದಿ ನಮಗೆ ರೇಡಿಯೊ ಸೆಟ್ಟಿನಲ್ಲಿ ಬಂತು. ಅದಕ್ಕಿಂತ ಮೊದಲೇ ಊರಲ್ಲಿ ಟಿವಿ ನೋಡಿ ತಿಳಿದುಕೊಂಡಿದ್ದರು.

ಸುಬೇದಾರ್ ಸಾಹೇಬರಿಗೆ ಗೊತ್ತಿರುತ್ತದೆ, ಮೊದಲಿನ ಯುದ್ಧಗಳಲ್ಲಿ ಮನೆಗೆ ತಂತಿ ಬರುತ್ತಿತ್ತು, ಆಮೇಲೆ ಟ್ರಂಕು ಬರುತ್ತಿತ್ತು, ಅಷ್ಟೇ. ದಹನ ಅಲ್ಲೇ ಮಾಡುತ್ತಿದ್ದರು. ಕಾರ್ಗಿಲ್ ಹೊತ್ತಿಗೆ ದೇಹವನ್ನೇ ಊರಿಗೆ ಕಳಿಸಿದರು. ನಮ್ಮ ಕಡೆಯ ಜನ ಯುದ್ಧವನ್ನು ಕಣ್ಣಾರೆ ಕಂಡದ್ದು ಆಗಲೇ.

ನಾನು ರಜೆಗೆ ಬಂದಾಗ ಪಕ್ಕದ ಹಳ್ಳಿಯ ಒಬ್ಬ ತಂದೆ ಕರೆದು ಕಳಿಸಿದರು. ಅವರ ಮಗ ಪದಾತಿ ದಳದಲ್ಲಿದ್ದ, ಗುಡ್ಡ ಹತ್ತುವಾಗ ಹೋದ. ನಾನು ಅವನನ್ನು ನೋಡಿರಲಿಲ್ಲ. ಆದರೂ ಹೋದೆ. ಅವರು ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಕಾಗದ ತೆಗೆದರು. ಪದಕದ ಜೊತೆ ಬಂದ ಕಾಗದ, ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ. ಅವರು ಅಳಲಿಲ್ಲ. "ಗುಡ್ಡ ಯಾವ ದಿಕ್ಕಿಗೆ? ಇಳಿಜಾರು ಎಷ್ಟು? ನೀರು ಯಾವ ಕಡೆ ಹರೀತದ?" ಅಂತ ಕೇಳುತ್ತಾ ಹೋದರು. ರೈತರು, ನೆಲ ಗೊತ್ತಿದ್ದವರು. ನಾನು ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ. ಇದು ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ, ಇದು ಹಳ್ಳ, ಇಲ್ಲಿ ನಮ್ಮ ಗನ್ನು, ಇಲ್ಲಿಂದ ಅವರು ಹತ್ತಿದ್ದು. "ಅಂದ್ರ ಮ್ಯಾಲಿಂದ ಅವರಿಗೆ ಎಲ್ಲಾ ಕಾಣ್ತಿತ್ತು, ಇವರಿಗೆ ಮರೆ ಇರಲಿಲ್ಲ" ಅಂದರು. ಹೌದು ಅಂದೆ. ಅದು ಅವರಿಗೆ ಬೇಕಿತ್ತು. ಎಲ್ಲರೂ ಬಂದು ನಿಮ್ಮ ಮಗ ಅಮರ ಅಂದು ಹೋಗಿದ್ದರು, ಹೇಗೆ ಸತ್ತ ಅಂತ ಯಾರೂ ಹೇಳಿರಲಿಲ್ಲ.

ಇನ್ನು ನನ್ನ ವಿಷಯ. ಎಡಗಿವಿ ಕೇಳುವುದಿಲ್ಲ. ನಿವೃತ್ತಿಯ ಮೆಡಿಕಲ್ ಬೋರ್ಡಿನಲ್ಲಿ ಏನಾದರೂ ತೊಂದರೆ ಇದೆಯಾ ಅಂದರೆ ನಮ್ಮ ಬ್ಯಾಚಿನ ಸುಮಾರು ಮಂದಿ ಇಲ್ಲ ಅಂದೆವು. ಮೆಡಿಕಲ್ ಕೆಟಗರಿ ಇಳಿದರೆ ಪ್ರಮೋಶನ್ ಹೋಗುತ್ತದೆ ಅನ್ನೋ ಭಯ ಸರ್ವೀಸಿನ ಉದ್ದಕ್ಕೂ ಇತ್ತು, ಕೊನೆಗೆ ಬೇಗ ಮನೆ ಸೇರಿದರೆ ಸಾಕು ಅನಿಸಿತ್ತು. ಈಗ ನಿವೃತ್ತಿಗೆ ಬಂದ ಹುಡುಗರಿಗೆ ನನ್ನ ಮಾತು ಇಷ್ಟೇ: ಕಿವಿ, ಮೊಣಕಾಲು, ಬೆನ್ನು ಏನಿದ್ದರೂ ಬೋರ್ಡಿನಲ್ಲಿ ಹೇಳಿ ಬರೆಸಿ.

ಫೌಜಿ ಮನೆಯಾಕೆ

ನಾನೂ ಬರೆಯಬಹುದಾ? ನಾನು ಸೈನಿಕಳಲ್ಲ, ಸೈನಿಕನ ಹೆಂಡತಿ.

ನಮ್ಮವರು 17 ವರ್ಷ ಸರ್ವೀಸ್ ಮಾಡಿ ಬಂದರು. ಅಷ್ಟು ವರ್ಷ ವರ್ಷಕ್ಕೆ ಎರಡು ತಿಂಗಳ ನೆಂಟ. ಬೋರ್ ಕೊರೆಸಿದ್ದು ನಾನು. ಸೊಸೈಟಿ ಸಾಲ ತೆಗೆದು ತೀರಿಸಿದ್ದು ನಾನು. ಕಬ್ಬು ಕಟಾವಿಗೆ ಫ್ಯಾಕ್ಟರಿಯವರ ಹಿಂದೆ ಓಡಾಡಿ ಪಾಳಿ ಹಾಕಿಸಿದ್ದೂ ನಾನೇ. ಇವರು ಬಂದ ಮೇಲೆ ಸೊಸೈಟಿಯಲ್ಲಿ ನಾನು ಹೋದರೆ "ಸಾಹೇಬರು ಬಂದಾರಲ್ಲ, ಅವರನ್ನ ಕಳಸ್ರಿ" ಅಂದರು. ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇವರದೂ ಕಷ್ಟ ಇತ್ತು. ನಸುಕಿನಲ್ಲಿ ಎದ್ದು ಕೂರುತ್ತಿದ್ದರು. ಮಕ್ಕಳ ಹಾಸಿಗೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ಮಗ ಓದಲು ಹತ್ತು ನಿಮಿಷ ತಡ ಮಾಡಿದರೆ ಜವಾನನ ಮೇಲೆ ಕೂಗಿದ ಹಾಗೆ ಕೂಗುತ್ತಿದ್ದರು. ಮಗ ಮಾತು ಬಿಟ್ಟ. ಒಂದು ರಾತ್ರಿ ನಾನೇ ಕೂರಿಸಿ ಹೇಳಿದೆ, "ಇದು ಪಲ್ಟನ್ ಅಲ್ಲ, ಮನೆ. ಇಲ್ಲಿ ಹಿರಿತನ ನನ್ನದು ಜಾಸ್ತಿ." ಬೇಸರ ಮಾಡಿಕೊಂಡರು. ಆಮೇಲೆ ಸಾವಕಾಶ ಸರಿ ಹೋಯ್ತು. ಈಗ ಸೊಸೈಟಿಗೆ ಇಬ್ಬರೂ ಹೋಗುತ್ತೇವೆ, ಸಹಿ ನಾನೇ ಮಾಡುತ್ತೇನೆ. ಇದನ್ನೂ ಮರಳಿ ಬಂದ ಕಥೆಗಳಲ್ಲಿ ಸೇರಿಸಿಕೊಳ್ಳಿ.

ಒಂದು ಪ್ರಶ್ನೆ ಇದೆ. ಮದುವೆಯಲ್ಲಿ ನಮ್ಮ ಕಡೆ ಹೆಸರು ಬದಲಿಸುತ್ತಾರಲ್ಲ, ಹಾಗಾಗಿ ಇವರ ದಾಖಲೆಯಲ್ಲಿ ಗಂಡನ ಮನೆ ಹೆಸರಿದೆ, ನನ್ನ ಆಧಾರ್‌ನಲ್ಲಿ ತವರಿನ ಹೆಸರಿದೆ. ಮುಂದೆ ತೊಂದರೆ ಆಗುತ್ತದಾ?

ನಿವೃತ್ತ ಸುಬೇದಾರ್, ಗೋಕಾಕ

ತಂಗೆಮ್ಮ, ಆಗುತ್ತದೆ. ದೊಡ್ಡ ತೊಂದರೆಯೇ ಆಗುತ್ತದೆ. ಇದಕ್ಕೆ ನಮ್ಮ ರೆಕಾರ್ಡ್ ಕ್ಲರ್ಕ್ ಅವರೇ ಹೇಳಲಿ.

ಹಳೇ ಕ್ಲರ್ಕ್ ಹವಾಲ್ದಾರ್

ಹೇಳುತ್ತೇನೆ, ಅಕ್ಕಾ. ನಾನು ರೆಕಾರ್ಡ್ ಆಫೀಸಿನಲ್ಲೇ ಸರ್ವೀಸ್ ಮಾಡಿದವ. ನಮ್ಮ ಭಾಗದಲ್ಲಿ ಈ ಸಮಸ್ಯೆ ಮನೆ ಮನೆಗೂ ಇದೆ. ಪತಿ ಇರುವಾಗ ಸರಿ ಮಾಡಿಸುವುದು ಸುಲಭ. ಅವರ ಸಹಿಯ ಅರ್ಜಿ ಇದ್ದರೆ ಅರ್ಧ ಕೆಲಸ ಆದಂತೆ. ಅವರು ಹೋದ ಮೇಲೆ ಎರಡೂ ಹೆಸರು ನನ್ನವೇ ಅಂತ ವಿಧವೆಯೇ ಸಾಬೀತು ಮಾಡಬೇಕು, ಅಲ್ಲಿಯವರೆಗೆ ಕುಟುಂಬ ಪಿಂಚಣಿ ಶುರುವಾಗುವುದಿಲ್ಲ.

ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ), ನಿಮ್ಮ ಆಧಾರ್, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೆಸರು ಮಾತ್ರ ಅಲ್ಲ, ಹುಟ್ಟಿದ ದಿನಾಂಕವನ್ನೂ ನೋಡಿ. ವ್ಯತ್ಯಾಸ ಇದ್ದರೆ ಎಲ್ಲ ದಾಖಲೆಯಲ್ಲಿ ಇರುವುದು ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಮೂಲಕ ಪತಿಯವರ ರೆಕಾರ್ಡ್ ಆಫೀಸಿಗೆ ಕಳಿಸಿ. ಮರಾಠಾ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಸ್ಯಾಪರ್ಸ್ ಆದರೆ ಬೆಂಗಳೂರು, ಆರ್ಟಿಲರಿ ಆದರೆ ನಾಸಿಕ್ ರೋಡ್. ಅವರು ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆ ಬದಲಿಸುವ ಆದೇಶ) ಹೊರಡಿಸಿ, ಪಿಪಿಒ ತಿದ್ದುಪಡಿ ಮಾಡಿಸುತ್ತಾರೆ. ಸೈನ್ಯದ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಆ ತಿದ್ದುಪಡಿ ಕಂಡ ಮೇಲೆಯೇ ಕೆಲಸ ಮುಗಿಯಿತು ಅಂತ ತಿಳಿಯಿರಿ.

ಅಂಗವಿಕಲ ಮಗುವಿದ್ದರೆ ಅದನ್ನೂ ಈಗಲೇ ದಾಖಲೆಗೆ ಸೇರಿಸಿ. ಮುಂದೆ ಆ ಮಗುವಿಗೆ ಪಿಂಚಣಿ ಸಿಗಲು ಆಧಾರ ಅದೇ. ಹಾಗೆಯೇ ಸಮಾನ ಶ್ರೇಣಿ ಸಮಾನ ಪಿಂಚಣಿ 2014ರ ಜುಲೈ 1ರಿಂದ ಲೆಕ್ಕ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಹಳಬರು ನಿಮಗೆ ಬರುತ್ತಿರುವುದು ಸರಿ ಇದೆಯಾ ಅಂತ ಟೇಬಲ್ ತೆಗೆದು ನೋಡಿಸಿ.

ಕೆಜಿಎಫ್ ಸ್ಯಾಪರ್

ಹವಾಲ್ದಾರ್ ಸಾಹೇಬ್ರೇ, ನನ್ನ ಮನೆಯವಳದೂ ಇದೇ ಕಥೆ, ಹುಟ್ಟಿದ ದಿನಾಂಕ ಎರಡಿವೆ. ಸೋಮವಾರವೇ ಹೋಗುತ್ತೇನೆ.

ಮಡಿಕೇರಿಯವರೇ, ನನ್ನ ಜೊತೆ ಇದ್ದ ಒಬ್ಬ ನಾಯಕ್ ನಿಮ್ಮ ಸೋಮವಾರಪೇಟೆ ಕಡೆಯವನು. 1990ರ ಮೇಲೆ ಸುದ್ದಿ ಇಲ್ಲ. ಹೆಸರು ಇಲ್ಲಿ ಹಾಕುವುದಿಲ್ಲ, ನಿಮಗೆ ಬೇರೆಯಾಗಿ ಬರೆಯಬಹುದಾ?

ಮಡಿಕೇರಿ ಮಂಜು

ಬರೆಯಿರಿ ಅಣ್ಣಾ. ಸೋಮವಾರಪೇಟೆಯಲ್ಲಿ ಮಾಜಿ ಸೈನಿಕರು ಸೇರುವ ಜಾಗ ನನಗೆ ಗೊತ್ತು. ನಾನೇ ಹೋಗಿ ವಿಚಾರಿಸುತ್ತೇನೆ.

ಬೈಲಹೊಂಗಲದ ಸೇವಾ ಕೇಂದ್ರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹವಾಲ್ದಾರ್ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡಿದೆ. ಬರುವ ತಿಂಗಳ ಎರಡನೇ ಭಾನುವಾರ ನನ್ನ ಅಂಗಡಿಗೇ ಬರಲು ಒಪ್ಪಿದ್ದಾರೆ. ಸುತ್ತಲಿನ ಮಾಜಿ ಸೈನಿಕರು, ಅದಕ್ಕಿಂತ ಮುಖ್ಯವಾಗಿ ಅವರ ಮನೆಯಾಕೆಯರು ಮತ್ತು ವಿಧವೆಯರು ಬನ್ನಿ. ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಜೋಡಿ ಫೋಟೊ ತನ್ನಿ. ಹೆಸರು, ದಿನಾಂಕ ಕೂಡಿಸಿ ನೋಡೋಣ. ಅರ್ಜಿ ಬರೆಯುವುದಕ್ಕೆ, ಝೆರಾಕ್ಸಿಗೆ ದುಡ್ಡು ತಗೊಳ್ಳುವುದಿಲ್ಲ.

ಹಿಂದಿನ ಕೋಣೆಯಲ್ಲಿ ಫ್ಯಾನು ಇದೆ, ಗದ್ದಲ ಕಡಿಮೆ. ಅಲ್ಲಿ ಮಾತಾಡಲು ಮನಸ್ಸಿದ್ದವರ ಮಾತು ರೆಕಾರ್ಡ್ ಮಾಡಿ, ಒಂದು ಪ್ರತಿ ಅವರ ಮನೆಗೇ ಕೊಡುತ್ತೇನೆ. ಸವದತ್ತಿ ತಂಗಿ, ಅಜ್ಜನವರನ್ನು ಕರೆದುಕೊಂಡು ಬರುವುದಾದರೆ ಹಿಂದಿನ ದಿನ ಹೇಳು, ಬಸ್ ಸ್ಟ್ಯಾಂಡಿಗೆ ಗಾಡಿ ಕಳಿಸುತ್ತೇನೆ. ಗನ್ನರ್ ಅಣ್ಣಾರೆ, ನಿಮಗೆ ಬಲಗಡೆ ಕುರ್ಚಿ ಹಾಕಿಸಲಾ ಎಡಗಡೆಯಾ, ಅದನ್ನೂ ತಿಳಿಸಿ. ಊಟಕ್ಕೆ ರೊಟ್ಟಿ, ಪಲ್ಯ ಇರುತ್ತದೆ. ಎಷ್ಟು ಮಂದಿ ಅಂತ ಶುಕ್ರವಾರದೊಳಗೆ ಗೊತ್ತಾದರೆ ರೊಟ್ಟಿ ಮಾಡುವ ಅಕ್ಕನವರಿಗೆ ಲೆಕ್ಕ ಕೊಡಲು ಅನುಕೂಲ.